ಸೂರ್ಯನ ಕಿವಿ, ಮಂಚಯ್ಯನ ಬೇಲಿ

ಸಲಗ ಹತ್ತೇ ಮಾರು ದೂರದಲ್ಲಿತ್ತು.

ನನ್ನ ಕೈಯಲ್ಲಿ ಒಂದು ಎಣ್ಣೆ ಡಬ್ಬ, ಒಂದು ಕೋಲು. ಪಕ್ಕದಲ್ಲೇ ನನ್ನ ಬೈಕ್. ಒಂದು ಕಿಕ್ ಹೊಡೆದರೆ ಬಚಾವ್...

ಆದರೆ ಹೊಡೆಯುವ ಹಾಗಿಲ್ಲ. ಹನ್ನೆರಡು ಗಂಟೆಗೆ ಇನ್ನೂ ಎಂಟು ನಿಮಿಷ ಬಾಕಿ!

ಯಾಕೆ ಅಂತೀರಾ? ಕೇಳಿ.

ನಾನು ಮಾದೇಶ. ಹುಣಸೂರು, ಎಚ್.ಡಿ. ಕೋಟೆ ಸುತ್ತಮುತ್ತ ಯಾರ ಕೆಲಸ ಕೆಟ್ಟರೂ ನನ್ನನ್ನು ಕರೆಸುತ್ತಾರೆ. ಈ ಸಲ ಕರೆಸಿದವರು ಸುಧಾ ಮೇಡಂ. ಸೂರ್ಯನ ಹತ್ತಿರ ಹೋಗುವ ನೌಕೆಗೆ ಆಂಟೆನಾ ಕಟ್ಟುವ ಎಂಜಿನಿಯರ್. ಅಲ್ಲಿನ ರೇಡಿಯೋ ಅಲೆ, ಕುದಿಯುವ ಪ್ಲಾಸ್ಮಾದ ಅಲೆ, ಎರಡನ್ನೂ ಅದು ಕೇಳಿಸಿಕೊಳ್ಳಬೇಕಂತೆ. ಟೆಸ್ಟ್ ಮಾಡಲು ಸಿಗ್ನಲ್ಲೇ ಇಲ್ಲದ ಜಾಗ ಬೇಕೆಂದು ಕೋಟೆಯ ಕಾಡಂಚಿಗೆ ಬಂದಿದ್ದರು.

ಬಂದರೆ ಆಂಟೆನಾದಲ್ಲಿ ಸೆಕೆಂಡಿಗೊಮ್ಮೆ ಟಕ್... ಟಕ್... ಟಕ್.

"ಇವತ್ತು ಹನ್ನೆರಡರೊಳಗೆ ಎರಡು ಗಂಟೆ ಈ ಟಕ್ ನಿಲ್ಲದಿದ್ರೆ ನೌಕೆಯಲ್ಲಿ ನಮ್ಮ ಜಾಗ ಬೇರೆಯವರಿಗೆ ಹೋಗುತ್ತೆ. ನಾಲ್ಕು ವರ್ಷದ ಕೆಲಸ, ಮಾದೇಶ್."

ಮೇಡಂ ಕಣ್ಣು ಒದ್ದೆಯಾಗಿತ್ತು. ನಾನು ಎಂಥ ಒರಟನಾದರೂ ಅದೊಂದನ್ನು ನೋಡಲಾರೆ.

ಟಕ್ ಯಾರದೆಂದು ಹಿಡಿಯಲು ಹತ್ತು ನಿಮಿಷ ಸಾಕಾಯಿತು. ಮಂಚಯ್ಯನ ಬಾಳೆತೋಟದ ಸೋಲಾರ್ ಬೇಲಿ. ಆನೆ ತಡೆಯುವ ತಂತಿ. ಸೆಕೆಂಡಿಗೊಮ್ಮೆ ಕರೆಂಟ್ ಬಡಿಯುತ್ತದೆ.

ಮಂಚಯ್ಯ ಮಚ್ಚು ಹಿಡಿದೇ ಮಾತಿಗೆ ಬಂದ.

"ಬೇಲಿ ಆಫ್ ಮಾಡು ಮಂಚಣ್ಣ. ಎರಡೇ ಗಂಟೆ."

"ಆಗಾಕಿಲ್ಲ ಕಣ್ಲಾ. ಒಂಟಿ ಸಲಗ ಅಲ್ಲೇ ಬಿದಿರು ಮೆಳೇಲಿ ನಿಂತದೆ."

"ಅಗಲೊತ್ತಲ್ಲಾ?"

"ಆನೆಗೇನು ನೀನು ವಾಚ್ ಕಟ್ಟಿದ್ದೀಯಾ?"

"ಸರಿ ಬುಡು. ಬೇಲಿ ಬದ್ಲು ನಾನು ನಿಂತ್ಕತೀನಿ."

ಮೇಲಿಂದ ಕೆಳಗೆ ನನ್ನನ್ನೊಮ್ಮೆ ಅಳೆದ.

"ಒಂದು ಗೊನೆ ಓದ್ರೂ ಈ ಮಚ್ಚು ನಿಂಗೇ," ಎಂದು ಸ್ವಿಚ್ ಆರಿಸಿದ.

ಸುಧಾ ಮೇಡಂ ಕಂಡೀಷನ್ ಬೇರೆ. "ಫೋನ್ ಆಫ್. ಬೈಕ್ ಮುಟ್ಟಬೇಡಿ. ಪ್ಲಗ್ಗಿನ ಕಿಡಿ ಕೂಡ ನನ್ನ ಆಂಟೆನಾಗೆ ಕೇಳಿಸುತ್ತೆ."

ಈಗ ಸಲಗಕ್ಕೆ ಬನ್ನಿ.

ಡಬ್ಬ ಬಡಿದೆ. ಕಿವಿ ಅಗಲಿಸಿತು. ಇನ್ನೂ ಜೋರಾಗಿ ಬಡಿದೆ. ಬಾಳೆ ಬಿಟ್ಟು ನನ್ನ ಕಡೆ ನುಗ್ಗಿತು!

ಬಾಳೆಯೇನೋ ಉಳಿಯಿತು. ನಾನು?

ಆಮೇಲಿನ ಅರ್ಧ ನಿಮಿಷ ಬಿಡಿ... ಒಟ್ಟಿನಲ್ಲಿ ರಸ್ತೆಯ ಮೋರಿಯೊಳಗೆ ತಲೆಕೆಳಗಾಗಿ ಬಿದ್ದಿದ್ದೆ. ಸಲಗ ಸಿಟ್ಟಿಗೆ ಬೈಕನ್ನೊಮ್ಮೆ ಒದ್ದಿತು. ಮಂಚಯ್ಯ ಪಟಾಕಿ ಹೊಡೆದ. ಸಲಗ ಗೊಣಗುತ್ತಾ ಕಾಡಿಗೆ ತಿರುಗಿತು.

ಹನ್ನೆರಡಾದ ಮೇಲೆ ಮೈಯೆಲ್ಲ ಕೆಸರು ಮಾಡಿಕೊಂಡು ಸುಧಾ ಮೇಡಂ ಮುಂದೆ ನಿಂತೆ.

"ಬೈಕ್ ಮುಟ್ಟಲಿಲ್ಲ ತಾನೇ?"

"ಪ್ರಾಣ ಓದ್ರೂ ಮುಟ್ಟಾಕಿಲ್ಲ ಮೇಡಂ. ನಿಮ್ ಕೆಲ್ಸ ದೊಡ್ದು."

ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಎರಡು ಗಂಟೆಯ ಗೆರೆ, ನೀಟಾಗಿ ನೆಟ್ಟಗೆ. ಹನ್ನೊಂದು ಐವತ್ತೆರಡರಲ್ಲಿ ಮಾತ್ರ ಮೂರು ಮುಳ್ಳು.

"ಮೂರು ಕಿಕ್," ಎಂದರು.

ನಾನು ಮೋರಿಯ ಕಡೆ ನೋಡಿದೆ.

"ಸ್ಟಾರ್ಟ್ ಆಗಿದ್ದಿದ್ರೆ ಎಲ್ಲಾ ಮುಗೀತಿತ್ತು. ಮೂರೇ ಮುಳ್ಳಾದ್ರೆ ಲೆಕ್ಕದಿಂದ ತೆಗೆದುಹಾಕಬಹುದು. ಟೆಸ್ಟ್ ಪಾಸ್, ಮಾದೇಶ್." ನಗು ತಡೆಯಲಾಗದೆ ಮುಖ ತಿರುಗಿಸಿದರು.

ಸೂರ್ಯನ ಗುಟ್ಟು ಹಿಡಿಯುವುದು ಆಮೇಲಿನ ಮಾತು. ಆ ಆಂಟೆನಾಗೆ ಮೊದಲು ಸಿಕ್ಕಿಬಿದ್ದವನು ನಾನು.