ನಾಲ್ಕು ಸಲ ಇಲ್ಲ ಅಂದ ಊರು

ಮೊದಲ ಸಲ ಫೋನ್ ಮಾಡಿದಾಗ ಅವನು ಅವಳನ್ನು ವಕೀಲಮ್ಮ ಎಂದೇ ತಿಳಿದುಕೊಂಡಿದ್ದ.

ಅವಳು "ಹಲೋ" ಅಂದಿದ್ದಷ್ಟೇ, ಆ ಕಡೆಯ ದನಿ ಶುರು ಹಚ್ಚಿಕೊಂಡಿತು. ನಿಮ್ಮ ಭಾಷಣ ಕೇಳಿ ಎರಡು ದಿನ ನಿದ್ದೆ ಬರಲಿಲ್ಲ, ನಿಮ್ಮ ಧೈರ್ಯದಲ್ಲಿ ಕಾಲುಭಾಗ ನಮಗಿದ್ದರೂ ಸಾಕಿತ್ತು, ನೀವು ಒಂದೇ ಒಂದು ಸಲ ನಮ್ಮೂರಿಗೆ ಬಂದರೆ... ಹೀಗೆ ಉಸಿರು ಬಿಡದೆ ಐದು ನಿಮಿಷ. ನಡುವೆ ಬಾಯಿ ಹಾಕಲು ಅವಳಿಗೆ ಸಂದೇ ಸಿಗಲಿಲ್ಲ.

"ನಾನು ವಕೀಲಮ್ಮ ಅಲ್ಲ," ಎಂದಳು ಕೊನೆಗೆ. "ಅವರ ತಾರೀಖು ನೋಡ್ಕೊಳ್ಳೋಳು."

ಆ ಕಡೆಯಿಂದ ಮೆಲ್ಲಗೆ ನಗು ಕೇಳಿಸಿತು.

"ಹಾಗಾದ್ರೆ ಇಷ್ಟು ಹೊತ್ತು ಹೊಗಳಿದ್ದೆಲ್ಲ ನಿಮಗೇ ಹೋಯ್ತಾ? ಇಟ್ಕೊಳ್ಳಿ. ಕೊಟ್ಟಿದ್ದನ್ನ ವಾಪಸ್ ಕೇಳೋ ಅಭ್ಯಾಸ ನನಗಿಲ್ಲ."

ಫೋನ್ ಇಟ್ಟ ಮೇಲೂ ಅವಳ ಕಿವಿ ಬಹಳ ಹೊತ್ತು ಬೆಚ್ಚಗಿತ್ತು.

ವಕೀಲಮ್ಮನನ್ನು ಅರಿಯದವರು ಕಡಿಮೆ. "ನಿಮ್ಮಂಥವರಿಗೆ ಇಲ್ಲಿ ಜಾಗವಿಲ್ಲ" ಎಂದು ಹೇಳಿಸಿಕೊಂಡವರ ಪರವಾಗಿ ನಲವತ್ತು ವರ್ಷ ಕೋರ್ಟಿನಲ್ಲೂ ಬೀದಿಯಲ್ಲೂ ನಿಂತ ಹೆಂಗಸು. ಈಗ ಎಪ್ಪತ್ತೊಂದು. ಹೃದಯ ಹಿಂದಿನಂತಿಲ್ಲ, ತಿಂಗಳಿಗೆ ನಾಲ್ಕು ಪ್ರಯಾಣ, ಅದಕ್ಕಿಂತ ಒಂದೂ ಹೆಚ್ಚಿಲ್ಲ ಎಂದು ಡಾಕ್ಟರು ಗೆರೆ ಎಳೆದಿದ್ದರು. ಆಹ್ವಾನಗಳು ಮಾತ್ರ ವಾರಕ್ಕೆ ನಲವತ್ತು ಬರುತ್ತಿದ್ದವು. ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ ಎಂದು ಆರಿಸಿಕೊಡುವುದು ಅವಳ ಕೆಲಸ. ಕೆಳಗಿನ ಬರ್ತ್, ಮೆಟ್ಟಿಲಿಲ್ಲದ ಕೋಣೆ, ಕೈ ಇರುವ ಕುರ್ಚಿ, ಇಳಿದ ಮೇಲೆ ಎರಡು ಗಂಟೆ ವಿಶ್ರಾಂತಿ: ಎಲ್ಲ ಅವಳೇ ಬರೆದು, ಅವಳೇ ಫೋನ್ ಮಾಡಿ, ಅವಳೇ ಮತ್ತೆ ಕೇಳಿ ಖಚಿತ ಮಾಡಿಕೊಳ್ಳಬೇಕು. ಊರೂರಿನ ರೈಲು ಟೈಮು ಬಾಯಿಪಾಠ. ಆದರೆ ತಾನು ಯಾವ ರೈಲನ್ನೂ ಹತ್ತಿರಲಿಲ್ಲ.

ಹಿಂದೆ ಈ ಕೆಲಸದಲ್ಲಿದ್ದವನು ತನ್ನ ಭಾವನ ಕಾಲೇಜಿಗೆ ಎರಡು ಸಲ ತಾರೀಖು ಕೊಟ್ಟು ಕೆಲಸ ಕಳೆದುಕೊಂಡಿದ್ದ. ಅವಳು ಸೇರಿದ ದಿನವೇ ವಕೀಲಮ್ಮ ಹೇಳಿದ್ದರು, "ಈ ಮೇಜಿನ ಮೇಲೆ ನೆಂಟಸ್ತಿಕೆ ನಡೆಯಲ್ಲ."

ಫೋನ್ ಮಾಡಿದವನು ಬಂದರಿನ ಊರೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವನು. ಅಲ್ಲಿನ ಮೀನು ಫ್ಯಾಕ್ಟರಿಯ ಹೆಂಗಸರು ಕೆಲಸ ಮುಗಿಸಿ ಓದಲು ಬರುತ್ತಿದ್ದರು. ವಾಸನೆ ಎಂದು ಲೈಬ್ರರಿ ಕಮಿಟಿ ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯಲ್ಲಿ ಪುಸ್ತಕ ಇಸಿದುಕೊಂಡು ಹೊರಗೆ ನಿಂತು ಓದಬೇಕು. ವಕೀಲಮ್ಮ ಬಂದು ಒಂದು ಮಾತು ಆಡಿದರೆ ಕಮಿಟಿಯವರ ಮನಸ್ಸು ತಿರುಗೀತು ಎಂಬುದು ಅವನ ಆಸೆ. ಹಾಗೆಂದು ಪತ್ರವನ್ನೂ ಕಳಿಸಿದ್ದ.

ಪ್ರತಿ ಬುಧವಾರ ಹನ್ನೊಂದಕ್ಕೆ ಅವನ ಫೋನ್.

"ನಮ್ಮ ಪತ್ರ ಯಾವ ಗುಡ್ಡೆಯಲ್ಲಿದೆ?"

"ನೋಡ್ತಾ ಇದೀವಿ."

"ಇವತ್ತು ನಿಮ್ಮ ದನಿ ನೆಗಡಿ ಹಿಡಿದ ಹಾಗಿದೆ. ಬಿಸಿನೀರು ಕುಡೀರಿ. ಇದು ತಾರೀಖಿಗೋಸ್ಕರ ಹೇಳಿದ್ದಲ್ಲ."

ಅವಳು ನಗು ತಡೆದುಕೊಳ್ಳುವಳು. ತಡೆದದ್ದೂ ಅವನಿಗೆ ಕೇಳಿಸುತ್ತಿತ್ತು. "ನಕ್ಕರೂ ತಾರೀಖು ಕೊಡಬೇಕು ಅಂತೇನಿಲ್ಲ," ಎನ್ನುವನು.

ಅವಳು ಇದ್ದದ್ದು ಅಣ್ಣನ ಮನೆಯಲ್ಲಿ. ಮೂವತ್ತನಾಲ್ಕು ದಾಟಿದ, ಮದುವೆಯಾಗದ ನಾದಿನಿಯ ಮೇಲೆ ಅತ್ತಿಗೆಗೆ ಮೊದಲೇ ಒಂದು ಕಣ್ಣು. ಒಂದು ಬುಧವಾರ ಬೆಳಿಗ್ಗೆ ಕನ್ನಡಿಯ ಮುಂದೆ ಹಿಡಿದೇಬಿಟ್ಟಳು. "ಅಲ್ವೇ, ಫೋನಿಗೆ ಯಾರಾದ್ರೂ ಇಷ್ಟು ನುಣ್ಣಗೆ ತಲೆ ಬಾಚ್ಕೋತಾರಾ?"

ಅವಳ ಕೈ ನಿಂತಿತು. ತಮಾಷೆಯ ಮಾತೇ, ಆದರೆ ಅವಳು ಬಾಚಣಿಗೆ ಕೆಳಗಿಟ್ಟಳು. ಹಾಗಾದರೆ ಆ ಪತ್ರವನ್ನು ಮೇಲಿಡಬೇಕು ಅನ್ನಿಸುತ್ತಿರುವುದು ಯಾರಿಗಾಗಿ? ಫ್ಯಾಕ್ಟರಿ ಹೆಂಗಸರಿಗಾಗಿಯೋ, ಈ ದನಿಗಾಗಿಯೋ?

ಆವತ್ತು ಅವಳು "ಈ ತಿಂಗಳು ಆಗಲ್ಲ" ಎಂದಳು. ಮುಂದಿನ ತಿಂಗಳೂ ಅದೇ ಉತ್ತರ. ಅದರ ಮುಂದಿನ ತಿಂಗಳೂ. ಮನಸ್ಸು ಎಷ್ಟು ಎಳೆಯಿತೋ ಅಷ್ಟು ಬಿಗಿಯಾಗಿ ಪತ್ರವನ್ನು ಅಡಿಗೆ ತಳ್ಳಿದಳು.

ನಾಲ್ಕನೇ ಸಲ ಇಲ್ಲ ಅಂದಾಗ ಅವನು ನಗಲಿಲ್ಲ.

"ಒಂದು ಕೇಳ್ಲಾ? ನಾನು ಜಾಸ್ತಿ ಮಾತಾಡ್ತೀನಿ ಅಂತ ಬೇಜಾರಾ ನಿಮಗೆ?"

"ಅಯ್ಯೋ, ಹಾಗೇನಿಲ್ಲ."

"ನನ್ನಿಂದ ಆ ಹೆಂಗಸರಿಗೆ ತೊಂದರೆ ಆಗಬಾರದು. ನಾನು ಇನ್ನು ಫೋನ್ ಮಾಡಲ್ಲ."

ಮುಂದಿನ ಬುಧವಾರ ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ಲೈನ್ ಸರಿಯಿದೆಯೇ ಎಂದು ಅವಳು ರಿಸೀವರ್ ಎತ್ತಿ ನೋಡಿದಳು. ಸರಿಯೇ ಇತ್ತು. ಅದರ ಮುಂದಿನ ಬುಧವಾರ ಇನ್ನೂ ಉದ್ದವಾಯಿತು. ಮುಖ ನೋಡದ ಮನುಷ್ಯ. ನೆನೆಸಿಕೊಳ್ಳಲು ಒಂದು ಚಹರೆಯೂ ಇಲ್ಲ. ಮಾತಿನ ಕೊನೆಗೆ ಅವನು ಎಳೆಯುತ್ತಿದ್ದ ಸಣ್ಣ ಉಸಿರು ಮಾತ್ರ ಕಿವಿಯಲ್ಲಿ ಉಳಿದಿತ್ತು. ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡಳು. ಅನ್ನ ಸೇರಲಿಲ್ಲ. ಅತ್ತಿಗೆ ಈಗ ತಮಾಷೆ ಮಾಡುವುದನ್ನು ಬಿಟ್ಟಿದ್ದಳು.

ಐದನೇ ವಾರ ಅವಳು ಆಫೀಸಿಗೆ ಬಂದಾಗ ವಕೀಲಮ್ಮ ಆಗಲೇ ಕೂತು ಟಪಾಲು ಒಡೆಯುತ್ತಿದ್ದರು. ಕೈಯಲ್ಲೊಂದು ಹಾಳೆ. ಮೂವತ್ತೆರಡು ಸಹಿ, ಕೆಲವು ಹೆಬ್ಬೆಟ್ಟು. ನಾಲ್ಕು ಸಲ ಕೇಳಿದರೂ ತಾರೀಖು ಸಿಗಲಿಲ್ಲ, ಹದಿನೆಂಟಕ್ಕೆ ಕಮಿಟಿ ಸಭೆ, ಅದರಲ್ಲಿ ಬಾಗಿಲು ನಮಗೆ ಖಾಯಂ ಮುಚ್ಚಿಹೋಗುತ್ತದೆ ಎಂದು ಹೆಂಗಸರು ಬರೆದಿದ್ದರು.

"ಇವರಿಗೆ ನಾಲ್ಕು ಸಲ ಇಲ್ಲ ಅಂದಿದೀಯ. ನನಗೆ ಒಂದು ಸಲಾನೂ ತೋರಿಸಿಲ್ಲ. ಯಾಕೆ?"

ಸುಳ್ಳು ಹೇಳಬಹುದಿತ್ತು. ಅವರೆದುರು ನಾಲಿಗೆ ಹೊರಳಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು. ಬುಧವಾರಗಳನ್ನು, ಬಾಚಿದ ತಲೆಯನ್ನು ಕೂಡ.

ವಕೀಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೆಂಟಸ್ತಿಕೆಗೆ ತಾರೀಖು ಕೊಡೋದು ತಪ್ಪು ಮಗಳೇ. ನೆಂಟಸ್ತಿಕೆ ಅಂತ ಕೊಡದೇ ಇರೋದೂ ಅದೇ ತಪ್ಪು. ಎರಡರಲ್ಲೂ ನೀನು ನೋಡಿದ್ದು ನಿನ್ನ ಮುಖಾನೇ. ಆ ಹೆಂಗಸರ ಮುಖ ನೋಡಲಿಲ್ಲ."

ಅವಳ ಕಣ್ಣು ತುಂಬಿತು.

"ಅಳು ಆಮೇಲೆ. ಹದಿನೆಂಟಕ್ಕೆ ಏನಿದೆ?"

"ಯೂನಿವರ್ಸಿಟಿಯಲ್ಲಿ ಸನ್ಮಾನ."

"ನನಗೆ ಇನ್ನೂ ಎಷ್ಟು ಸನ್ಮಾನ ಮಾಡ್ತಾರಂತೆ? ಬರಲ್ಲ ಅಂತ ಹೇಳು. ಟಿಕೆಟ್ ಎರಡು ತಗೋ. ನೀನೂ ಬರಬೇಕು."

ಹದಿನೆಂಟರ ಬೆಳಿಗ್ಗೆ ರೈಲು ನಿಂತಾಗ ಪ್ಲಾಟ್‌ಫಾರ್ಮಿನ ತುಂಬ ಹೆಂಗಸರಿದ್ದರು. ಅವರ ಹಿಂದೆ, ಕೈಯಿರುವ ಒಂದು ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಕುಳ್ಳಗಿನ, ನರೆ ಇಣುಕುತ್ತಿದ್ದ ಮನುಷ್ಯನೊಬ್ಬ ನಿಂತಿದ್ದ.

"ಕುರ್ಚಿ ಇಲ್ಲಿ ಬೇಡ, ಸಭೆಯಲ್ಲಿ," ಎಂದಳು ಅವಳು ಅಭ್ಯಾಸಬಲದಿಂದ.

ಅವನು ಗಕ್ಕನೆ ತಿರುಗಿದ. ಕುರ್ಚಿ ನಿಧಾನಕ್ಕೆ ಕೆಳಗಿಳಿಯಿತು. ಅವನ ಕಣ್ಣು ಅವಳ ಹಣೆ, ಮೂಗು, ಗಲ್ಲ ಎಲ್ಲ ಸುತ್ತಿ, ಕೊನೆಗೆ ತುಟಿಯ ಹತ್ತಿರ, ಆ ದನಿ ಹೊರಟ ಜಾಗದಲ್ಲಿ ನಿಂತಿತು. ಅವಳು ತಲೆ ತಗ್ಗಿಸಿದಳು.

ಸಭೆಯಲ್ಲಿ ವಕೀಲಮ್ಮ ಕುರ್ಚಿಯಲ್ಲಿ ಕೂರಲೇ ಇಲ್ಲ. ಹೆಂಗಸರ ಜೊತೆ ಕಿಟಕಿಯ ಹೊರಗೆ ನಿಂತರು, ಅಲ್ಲಿಂದಲೇ ಮಾತಾಡಿದರು. "ಇವರು ಕತ್ತರಿಸಿದ ಮೀನು ನಿಮ್ಮ ತಟ್ಟೆಗೆ ಬರುತ್ತೆ. ಇವರು ಮಾತ್ರ ನಿಮ್ಮ ಬೆಂಚಿಗೆ ಬರಬಾರದು ಅಂತೀರಿ. ಈ ಲೆಕ್ಕ ನನಗೆ ತಿಳಿಸಿಕೊಡಿ." ಒಳಗಿದ್ದ ಒಂಬತ್ತು ಮಂದಿಯಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಕೈ ಎತ್ತಿಸಿದಾಗ ಐದು ಕೈ ಹೆಂಗಸರ ಪರ ಬಂದವು. ಎಲ್ಲರಿಗಿಂತ ಹಿರಿಯಳಾದ ಹೆಂಗಸು ಒಳಗೆ ಹೋಗಿ, ಬೆಂಚಿನ ಮೇಲೆ ಕೈಯಾಡಿಸಿ, ಕೂತಳು.

ಮಧ್ಯಾಹ್ನ ಪುಸ್ತಕದ ಕಪಾಟುಗಳ ನಡುವೆ ಅವಳು ಅವನಿಗೆ ನಿಜ ಹೇಳಿದಳು.

"ನಾಲ್ಕು ಸಲವೂ ಇಲ್ಲ ಅಂದಿದ್ದು ನಾನೇ. ಅವರಿಗೆ ಗೊತ್ತೇ ಇರಲಿಲ್ಲ. ನಿಮ್ಮ ದನಿ ಕೇಳಬೇಕು ಅಂತ ನನಗೆ ಅಷ್ಟು ಆಸೆಯಿತ್ತು. ಆ ಆಸೆಗೆ ಹೆದರಿ."

ಅವನು ಕಪಾಟಿನ ಅಂಚು ಹಿಡಿದುಕೊಂಡ. "ನಾಲ್ಕು ತಿಂಗಳು ಅವರು ಬಿಸಿಲಲ್ಲಿ ನಿಂತು ಓದಿದ್ರು."

"ಗೊತ್ತು."

"ನನಗೆ ಕೋಪ ಬರ್ತಿದೆ."

"ಬರಲಿ."

"ಖುಷೀನೂ ಆಗ್ತಿದೆ. ಅದಕ್ಕೇ ಇನ್ನೂ ಕೋಪ."

ಅವಳು ನೇರ ಬೆಂಚಿನ ಹತ್ತಿರ ಹೋಗಿ ಹಿರಿಯಳ ಮುಂದೆ ತಪ್ಪೊಪ್ಪಿಕೊಂಡಳು. ಮುದುಕಿ ಎಲ್ಲ ಕೇಳಿ, ಅವನತ್ತ ಒಮ್ಮೆ, ಇವಳತ್ತ ಒಮ್ಮೆ ನೋಡಿದಳು. "ನಾವು ನಿಂತಿದ್ದು ನಿಂತಾಯ್ತು. ನೀವಿಬ್ಬರೂ ಇನ್ನೂ ಯಾಕೆ ನಿಂತಿದೀರಿ?"

ಸಂಜೆ ನಾಲ್ಕೂವರೆಯ ರೈಲು. ಮರುದಿನ ಬೇರೆ ಊರಿನಲ್ಲಿ ಸಭೆ, ಅವಳು ಹೋಗಲೇಬೇಕಿತ್ತು. ವಕೀಲಮ್ಮ ಕೆಳಗಿನ ಬರ್ತಿನಲ್ಲಿ ಮಲಗಿ ಗೋಡೆಯ ಕಡೆ ತಿರುಗಿಕೊಂಡರು. ಅವನು ಕಿಟಕಿಯ ಹೊರಗೆ ನಿಂತಿದ್ದ. ರೈಲು ಅಲುಗಿತು, ಅವನು ಕಾಣಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಎದುರು ಸೀಟಿನಲ್ಲಿ ಅವನು ಏದುಸಿರು ಬಿಡುತ್ತ ಕೂತಿದ್ದ.

"ಮುಂದಿನ ಸ್ಟೇಷನ್‌ನಲ್ಲಿ ಇಳೀತೀನಿ," ಎಂದ.

ನಲವತ್ತು ನಿಮಿಷದ ದಾರಿ. ಅವಳು ಕೇಳದೆಯೇ ಅವನು ತನ್ನ ಅಂಗೈಯನ್ನು ಸೀಟಿನ ಅಂಚಿನಲ್ಲಿಟ್ಟ; ಅವಳು ಅದರ ಮೇಲೆ ತನ್ನದನ್ನು ಇಟ್ಟಳು. "ಭಾನುವಾರ ನಿಮ್ಮ ಮನೆಗೆ ಬರ್ತೀನಿ. ನಿಮ್ಮ ಅಣ್ಣ, ಅತ್ತಿಗೆ ಹತ್ರ ಮಾತಾಡ್ತೀನಿ. ಬರಬೇಡಿ ಅಂದ್ರೆ ಈಗಲೇ ಹೇಳಿ."

"ಬನ್ನಿ," ಎಂದಳು ಅವಳು.

ಗೋಡೆಯ ಕಡೆ ತಿರುಗಿ ಮಲಗಿದ್ದವರ ಭುಜ ಸಣ್ಣಗೆ ಕುಲುಕಿತು.

ಹೊಲದ ನಡುವಿನ ಚಿಕ್ಕ ಸ್ಟೇಷನ್. ಒಂದೇ ಬೆಂಚು, ಒಂದೇ ಮರ. ಅವನು ಇಳಿದ. ಅವಳು ಬಾಗಿಲಿಗೆ ಬಂದು ನಿಂತಳು.

"ಇಲ್ಲಿಂದ ವಾಪಸ್ ಗಾಡಿ ಇನ್ನು ಮೂರು ಗಂಟೆ ಇಲ್ಲ."

"ಗೊತ್ತಿದ್ದೇ ಹತ್ತಿದ್ದು."

ರೈಲು ಹೊರಟಿತು. ಅವನು ಕೈ ಬೀಸಲಿಲ್ಲ. ಬೆಂಚಿನ ಮೇಲೆ ಕೂತು, ಅವಳ ಕೈ ತಾಗಿದ ಅಂಗೈಯನ್ನು ಮಡಿಲಲ್ಲಿ ಹಾಗೇ ತೆರೆದಿಟ್ಟುಕೊಂಡು, ಅವಳು ಚುಕ್ಕಿಯಾಗುವವರೆಗೂ ನೋಡುತ್ತಿದ್ದ.