ನಕ್ಷೆಯಲ್ಲಿದ್ದ ಬಾಗಿಲು

೨೦೦೦ನೇ ಇಸವಿಯ ಮಾರ್ಚ್ ತಿಂಗಳು. ಆಫೀಸಿನಲ್ಲಿ ಎಲ್ಲರೂ ಷೇರುಗಳ ಹಿಂದೆ ಬಿದ್ದಿದ್ದಾಗ ನಾನು ನೂರು ವರ್ಷ ಹಳೆಯ ನಕ್ಷೆಗಳಲ್ಲಿ ಅಳಿದುಹೋದ ಮನೆಗಳನ್ನು ಹುಡುಕುತ್ತಿದ್ದೆ. ಅಂಥದೊಂದು ಮನೆಯ ಜಾಗ ಮಾರ್ಗನ್ ಹಿಲ್ ಊರಿನ ಹೊರಗೆ, ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಸಿಕ್ಕಿತು. ಮಾಲೀಕರ ಒಪ್ಪಿಗೆ ಪಡೆದು ಒಂದು ಮಟಮಟ ಮಧ್ಯಾಹ್ನ ಮೆಟಲ್ ಡಿಟೆಕ್ಟರ್ ಹೊತ್ತು ಗಂಡ ಹೆಂಡತಿ ಇಬ್ಬರೂ ಹೋದೆವು.

“ಒಂದ್ ಕಲ್ಲೂ ಇಲ್ಲಲ್ಲ, ಎಲ್ಲೈತಿ ನಿನ್ನ ಮನಿ?” ಎಂದು ನನ್ನ ಗಂಡ ಕಿರಣಕುಮಾರ ನಕ್ಕರು.

“ಹೊಸ್ತಿಲ ಮೇಲೇ ನಿಂತಿದ್ದೀರಿ. ಶೂ ಬಿಚ್ಚಿ ಒಳಗೆ ಬನ್ರೀ,” ಎಂದೆ.

ತಮಾಷೆಗೆಂದು ಇಬ್ಬರೂ ಒದ್ದೆ ಹುಲ್ಲಿನ ಮೇಲೆ ಶೂ ಬಿಟ್ಟು ಒಳಗೆ ಕಾಲಿಟ್ಟೆವು. ಕದ ಮುಚ್ಚಿದಂತೆ ಪಕ್ಕದ ಫ್ರೀವೇಯ ವಾಹನಗಳ ಸದ್ದು ನಿಂತುಹೋಯಿತು. ಎಲ್ಲಿಂದಲೋ ಬ್ರೆಡ್ ಬೇಯುವ ವಾಸನೆ ಬಂತು. ಅಷ್ಟರಲ್ಲಿ ಡಿಟೆಕ್ಟರ್ ಕೂಗಿತು. ಒಂದು ಗೇಣು ಆಳ ಅಗೆದರೆ ಹಿತ್ತಾಳೆಯ ಬಾಗಿಲ ಹಿಡಿ! ನಾನು ಕುಣಿದಾಡಿಬಿಟ್ಟೆ. ಮಣ್ಣು ತಣ್ಣಗಿತ್ತು, ಹಿಡಿ ಮಾತ್ರ, ಯಾರೋ ಈಗಷ್ಟೇ ಕೈಬಿಟ್ಟಂತೆ, ಬೆಚ್ಚಗಿತ್ತು.

“ಗೆದ್ದಿ ಬಿಡು ನೀ,” ಎಂದರು ಅವರು.

ಹೊರಡುವಾಗ ನೋಡಿದರೆ ನಮ್ಮ ಶೂಗಳು ಹೊರಮುಖವಾಗಿ ತಿರುಗಿ, ಜೋಡಿಯಾಗಿ ನಿಂತಿದ್ದವು. ಅವುಗಳ ಕೆಸರನ್ನು ಒರೆಸಲಾಗಿತ್ತು. ಸುತ್ತಲಿನ ಹುಲ್ಲಿನಲ್ಲಿ ನಮ್ಮ ಹೆಜ್ಜೆಗಳನ್ನು ಬಿಟ್ಟರೆ ಬೇರೆ ಗುರುತಿರಲಿಲ್ಲ.

ಆ ಹಿಡಿ ಈಗ ನಮ್ಮ ಶೋಕೇಸಿನಲ್ಲಿದೆ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ: ನನ್ನ ನಕ್ಷೆ ಒಂದಡಿಯೂ ತಪ್ಪಿರಲಿಲ್ಲ, ಬಾಗಿಲು ಅಲ್ಲೇ ಇತ್ತು.