ಬೂಷ್ಟಕೇಶಿಯೂ ಮಾಳವ್ವನ ತೈಲವೂ

ಗಿಡಮರಗಳು ಕರೆದರೆ ಓಗೊಡುತ್ತಿದ್ದ ಕಾಲದಲ್ಲಿ ಕಂಪಿನಗಿರಿ ಎಂಬ ರಾಜ್ಯವನ್ನು ಚೆಲುವರಾಯನೆಂಬ ಅರಸ ಆಳುತ್ತಿದ್ದ. ಒಂದು ದಿನ ಬೂಷ್ಟಕೇಶಿ ಎಂಬ ಮಾಂತ್ರಿಕ ಬಂದು ಅರಮನೆಯ ಕಣಜದೊಳಗೆ ಉಸಿರು ಊದಿದ. ಬಿತ್ತನೆ ಭತ್ತದ ಮೇಲೆಲ್ಲ ಹಸಿರು ಬೂಷ್ಟು ಹಬ್ಬಿತು.

"ರಾಜ್ಯ ಬಿಟ್ಟುಕೊಡು, ಇಲ್ಲವೇ ಎಲ್ಲರೂ ಹಸಿದು ಸಾಯಿರಿ" ಎಂದು ಮಾಂತ್ರಿಕ ಕಣಜದ ಮಾಡಿನ ಮೇಲೆ ಕೂತ. ಬಿತ್ತನೆಗೆ ಉಳಿದದ್ದು ಏಳೇ ದಿನ.

ಅರಸ ಮಾಳವ್ವನನ್ನು ಕರೆಸಿದ. ಆಕೆ ಸೊಪ್ಪು, ಬೀಜ, ಮೊಗ್ಗು ಬೇಯಿಸಿ, ಆವಿ ಹಿಡಿದು ತೈಲ ಇಳಿಸುವವಳು. ಯಾವ ತೈಲದಲ್ಲಿ ಯಾವ ಸತ್ವವಿದೆಯೆಂದು ಮೂಸಿಯೇ ಹೇಳುತ್ತಿದ್ದಳು.

ಮೊದಲ ದಿನ ಮಜ್ಜಿಗೆಹುಲ್ಲಿನ ತೈಲ ತಂದಳು. "ಮುಚ್ಚಳ ತೆಗೀಬೇಡಿ. ಕಣಜದ ಬಿರುಕಿಗೆ ಮಣ್ಣು ಮೆತ್ತಿ ಬರ್ತೀನಿ" ಎಂದಳು. ಸಂಜೆ ಬಂದು ನೋಡಿದರೆ ಪಾತ್ರೆ ಬರಿದು.

"ಪರಿಮಳ ಸೊಗಸಾಗಿತ್ತು. ತಟ್ಟೆಗಳಿಗೆ ಸುರಿಸಿ ಸಭೆಯಲ್ಲಿ ಇಡಿಸಿದೆ" ಎಂದ ಅರಸ.

"ಸತ್ವವೆಲ್ಲ ಗಾಳಿಗೆ ಹೋಯ್ತಲ್ಲ ಸ್ವಾಮಿ!" ಮಾಳವ್ವ ತಲೆ ಚಚ್ಚಿಕೊಂಡಳು. ಮಾಂತ್ರಿಕ ಕಿಲಕಿಲನೆ ನಕ್ಕ.

ಮೂರನೆಯ ದಿನ ಓಮದ ತೈಲ ತಂದಳು. ಅವಳು ಅತ್ತ ತಿರುಗುವಷ್ಟರಲ್ಲಿ ಮಂತ್ರಿ ನಂಜರಸ ಅದಕ್ಕೆ ಹತ್ತು ಕೊಡ ನೀರು ಸುರಿಸಿ ಭತ್ತಕ್ಕೆ ಎರಚಿಸಿಬಿಟ್ಟಿದ್ದ. "ಎಲ್ಲ ಕಡೆಗೂ ಸಾಲಲಿ ಅಂತ" ಎಂದ.

"ಎಣ್ಣೆ ನೀರಲ್ಲಿ ಬೆರೆಯುತ್ತಾ ಮಂತ್ರಿಗಳೇ? ನೀರು ಕುಡಿದು ಬೂಷ್ಟು ಇನ್ನೂ ಕೊಬ್ಬಿದೆ, ನೋಡಿ!" ಬೂಷ್ಟು ಕೊಬ್ಬಿದಂತೆ ಮಾಂತ್ರಿಕನೂ ತಾಳೆಮರದಷ್ಟು ಬೆಳೆದ.

ಐದನೆಯ ದಿನ ಲವಂಗದ ತೈಲ ತಂದಳು. ಅರಸ ಮೂಗು ಮುಚ್ಚಿಕೊಂಡ. "ಘಾಟು ಜಾಸ್ತಿ ಮಾಳವ್ವ. ಒಂದಿಷ್ಟು ಮಲ್ಲಿಗೆ ಸೇರಿಸಬಾರದೇ?"

"ಆ ಘಾಟೇ ಮದ್ದು ಪ್ರಭು! ಬೂಷ್ಟಿನ ಮೈ ಸೀಳೋದು ಅದೇ. ನಿಮಗೆ ಮೂಗು ಮುಖ್ಯವೋ, ಅನ್ನವೋ? ಇಬ್ಬರೂ ಆಚೆ ನಿಲ್ಲಿ!"

ಅವಳೊಬ್ಬಳೇ ಒಳಗೆ ಹೋಗಿ, ಬಟ್ಟೆಗಳನ್ನು ತೈಲದಲ್ಲಿ ಅದ್ದಿ ತೊಲೆಗೆಲ್ಲ ತೂಗುಹಾಕಿದಳು. ಅಣಕಿಸಲೆಂದು ಮಾಂತ್ರಿಕ ಹೊಗೆಯಾಗಿ ಕಿಂಡಿಯಿಂದ ಒಳಗಿಳಿದ. ಮಾಳವ್ವ ತಟ್ಟನೆ ಹೊರಗೆ ಬಂದು ಕಿಂಡಿ, ಬಾಗಿಲು ಎರಡಕ್ಕೂ ಮಣ್ಣು ಮೆತ್ತಿದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಒಳಗೆ ಮಾಂತ್ರಿಕ ಕೆಮ್ಮಿದ, ಬೈದ, ಗೋಗರೆದ.

"ಸ್ವಲ್ಪವೇ ತೆಗೆದು ನೋಡೋಣವೇ?" ಎಂದ ಅರಸ.

"ಮುಟ್ಟಿದರೆ ನೋಡಿ!"

ಏಳನೆಯ ದಿನ ಬಾಗಿಲು ತೆರೆದಾಗ ನೆಲದ ಮೇಲೆ ಒಂದು ಹಿಡಿ ಬೂದಿ ಇತ್ತು. ಭತ್ತ ಹೊನ್ನಿನಂತೆ ಹೊಳೆಯುತ್ತಿತ್ತು. ಅಂದೇ ಬಿತ್ತನೆಯಾಯಿತು.

ಮೊಳಕೆ ಕಂಡ ದಿನ ಮಾಳವ್ವ ಗದ್ದೆಯ ಬದುವಿನ ಮೇಲೆ ಕೂತು ಮನಸಾರೆ ಅತ್ತಳು. ಅರಸ ಬಂದು ಪಕ್ಕದಲ್ಲಿ ಕೂತ. ಆ ಸುಗ್ಗಿಗೆ ಮನೆಮನೆಯಲ್ಲೂ ಹೊಸ ಅಕ್ಕಿಯ ಅನ್ನ ಬೆಂದಿತು. ಕಂಪಿನಗಿರಿಯವರು ಉಂಡು, ನಕ್ಕು, ನೂರು ಸುಗ್ಗಿ ಕಂಡರು.